ಮಿದುಳಿನ ರಕ್ತನಾಳಗಳ ಚಿತ್ರವೂ ಥೋರಿಯಮ್ಮಿನ ಪಾಠವೂ

ಮ್ಹಾಪಸೆಯಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಪೋರ್ಚುಗೀಸರೆಂದೊಡನೆ ಕೋಟೆಗಳೂ ಇಗರ್ಜಿಗಳೂ ನೆನಪಾಗುತ್ತವೆ. 1961ರ ಡಿಸೆಂಬರಿನವರೆಗೆ ಈ ನಾಡನ್ನಾಳಿದವರ ರಾಜಧಾನಿ ಲಿಸ್ಬನ್ನಿನಲ್ಲಿ ವೈದ್ಯಶಾಸ್ತ್ರದ ಮಹತ್ತಾದ ಶೋಧವೊಂದೂ, ಅದರ ಬೆನ್ನಿಗೇ ಘೋರವಾದ ಪ್ರಮಾದವೊಂದೂ ನಡೆದುವೆಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿಯತಕ್ಕದ್ದು.

1895ರಲ್ಲಿ ರಂಟ್ಜೆನ್ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಎಲುಬುಗಳು ಚಿತ್ರದಲ್ಲಿ ಮೂಡಿದುವು. ತಲೆಬುರುಡೆಯೊಳಗಿನ ರಕ್ತನಾಳಗಳು ಮಾತ್ರ ಕಾಣಲಿಲ್ಲ. ಹಿಂದೆ ಪೋರ್ಚುಗಲ್ಲಿನ ವಿದೇಶಾಂಗ ಮಂತ್ರಿಯೂ ಆಗಿದ್ದ ವೈದ್ಯ ಎಗಾಸ್ ಮೊನಿಝ್, ಕಿರಣಗಳನ್ನು ತಡೆಯುವ ದ್ರಾವಣವನ್ನು ಕೊರಳಿನ ಧಮನಿಗೆ ಸೇರಿಸಿದರೆ ಆ ನಾಳಗಳೂ ಕಂಡಾವೆಂದು ಊಹಿಸಿದನು. ಅವನ ಕೈಗಳು ಸಂಧಿವಾತದಿಂದ ಸೊಟ್ಟಗಾಗಿದ್ದುದರಿಂದ ಸಹಾಯಕನಾದ ಅಲ್ಮೇಡ ಲೀಮ ನೆರವಾದನು. ಬ್ರೋಮೈಡ್ ಲವಣವನ್ನು ಬಳಸಿದಾಗ ರೋಗಿಯೊಬ್ಬನು ಮಡಿದನು. ಬಳಿಕ ಸೋಡಿಯಂ ಅಯೊಡೈಡಿನಿಂದ 1927ರ ಜೂನ್ 28ರಂದು ಪ್ರಯೋಗವು ಫಲಿಸಿತು.

ಆದರೆ ಅಯೊಡೈಡು ನೋವುಂಟುಮಾಡುತ್ತಿದ್ದಿತು. 1931ರ ಸುಮಾರಿಗೆ ಮೊನಿಝ್ ಥೋರೋಟ್ರಾಸ್ಟ್ ಎಂಬ ದ್ರವವನ್ನು ಆರಿಸಿಕೊಂಡನು. ನೋವಿಲ್ಲ, ಚಿತ್ರವೂ ಸ್ಪಷ್ಟ! ಆದರೆ ಅದರಲ್ಲಿದ್ದುದು ವಿಕಿರಣಶೀಲವಾದ ಥೋರಿಯಂ. ಅದು ದೇಹವನ್ನು ಬಿಟ್ಟು ಹೋಗದು. ಯಕೃತ್ತು, ಗುಲ್ಮ, ಅಸ್ಥಿಮಜ್ಜೆಗಳಲ್ಲಿ ಬೀಡುಬಿಟ್ಟು ಜೀವಮಾನವಿಡೀ ಆಲ್ಫಾ ಕಣಗಳನ್ನು ಸೂಸುತ್ತದೆ. ಅಮೆರಿಕದ ವೈದ್ಯಸಂಘವು 1932ರಲ್ಲಿಯೇ ಎಚ್ಚರಿಕೆ ನೀಡಿದ್ದರೂ, ಕೇಡು ಹೊರಬೀಳಲು ಹತ್ತಿಪ್ಪತ್ತು ವರ್ಷಗಳೇ ಬೇಕಾಗಿದ್ದುದರಿಂದ ಬಳಕೆ ನಿಲ್ಲಲಿಲ್ಲ. ಸಾವಿರಾರು ಜನರ ಮೈಗೆ ಅದು ಸೇರಿತು. ಕೊನೆಗೆ 1950ರ ದಶಕದಲ್ಲಿ ಅದೇ ಲಿಸ್ಬನ್ನಿನ ರೋಗವಿಜ್ಞಾನಿ ಡ ಸಿಲ್ವ ಓರ್ತ, ಆ ದ್ರವದಿಂದುಂಟಾದ ಯಕೃತ್ತಿನ ಅರ್ಬುದಗಳನ್ನು ವಿವರಿಸಿದನು. ಶೋಧಿಸಿದ ನಗರವೇ ತಪ್ಪನ್ನೂ ಎಣಿಸಿ ಬರೆದಿಟ್ಟಿತು.

ಈಗಿನ ದ್ರಾವಣಗಳು ವಿಕಿರಣ ಸೂಸುವುದಿಲ್ಲ. ಸೂಸುವುದು ಯಂತ್ರ, ಅದೂ ನಡೆಯುತ್ತಿರುವಷ್ಟು ಹೊತ್ತು. ಆದರೂ ಮೈಮರೆಯಲಾಗದು. 2009ರಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಯೊಂದರಲ್ಲಿ, ಮಿದುಳಿನ ರಕ್ತಸಂಚಾರವನ್ನು ನೋಡುವ ಸಿ.ಟಿ. ಪರೀಕ್ಷೆಯಲ್ಲಿ, 200ಕ್ಕೂ ಹೆಚ್ಚು ರೋಗಿಗಳಿಗೆ ಸುಮಾರು 8 ಪಟ್ಟು ವಿಕಿರಣ ತಗುಲಿದ್ದುದು ಬಯಲಾಯಿತು. ರೋಗಿಯೊಬ್ಬರ ಕೂದಲುದುರಿದಾಗಲೇ ಅದು ತಿಳಿದುದು!

ಭಾರತದಲ್ಲಿ 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಇಂಥ ಯಂತ್ರಗಳ ಮೇಲೆ ಕಣ್ಣಿಟ್ಟಿದೆ. ಯಂತ್ರ ನಡೆಸುವವರ ಎದೆಯ ಮೇಲೆ ಅಳತೆಯ ಬಿಲ್ಲೆಯಿರುತ್ತದೆ. ಅವರಿಗೆ ವರ್ಷದ ಮಿತಿಯೂ ಉಂಟು. ರೋಗಿಗೆ ಅಂಥ ಮಿತಿಯಿಲ್ಲ, ಏಕೆಂದರೆ ಪರೀಕ್ಷೆಯೇ ಅವನ ಪ್ರಾಣವನ್ನುಳಿಸಬಹುದು. ಆದುದರಿಂದ ಪರೀಕ್ಷೆಗೆ ಹೆದರಬೇಕಾದುದಿಲ್ಲ. ಇದು ಅವಶ್ಯವೆ, ಕಡಿಮೆ ವಿಕಿರಣದಿಂದ ಸಾಧ್ಯವೆ ಎಂದು ವೈದ್ಯರನ್ನು ವಿನಯದಿಂದ ಕೇಳೋಣ. ಹಳೆಯ ಚಿತ್ರಗಳನ್ನೂ ವರದಿಗಳನ್ನೂ ಜೋಪಾನವಾಗಿಟ್ಟರೆ ಅದೇ ಪರೀಕ್ಷೆ ಮತ್ತೊಮ್ಮೆ ಬೇಕಾಗದೆಯೂ ಹೋಗಬಹುದು.