ಬ್ರಹ್ಮಪುರಿಯ ಸಮುದ್ರದೇವತೆ: ಒಂದು ಪರಿಶೀಲನೆ

ದಖ್ಖನ್ನಿಗೂ ರೋಮಿಗೂ ಇದ್ದ ಸಂಪರ್ಕಕ್ಕೆ ಆಧಾರವಾಗಿ ಕೊಲ್ಲಾಪುರದಲ್ಲಿ ದೊರೆತ ಸಮುದ್ರದೇವತೆಯ ಕಂಚಿನ ಪ್ರತಿಮೆಯನ್ನು ವಿದ್ವಾಂಸರು ಮತ್ತೆ ಮತ್ತೆ ಉಲ್ಲೇಖಿಸಿದ್ದಾರೆ. ಪಂಚಗಂಗಾ ತೀರದ ಬ್ರಹ್ಮಪುರಿ ದಿಬ್ಬದಲ್ಲಿ ಇದನ್ನು ಬೆಳಕಿಗೆ ತಂದವರು ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ, 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಕೆ.ಜಿ. ಕುಂದಣಗಾರರು. ಎಚ್.ಡಿ. ಸಾಂಕಲಿಯಾ ಮತ್ತು ಎಂ.ಜಿ. ದೀಕ್ಷಿತರು 1945-46ರಲ್ಲಿ ಅಲ್ಲಿ ನಡೆಸಿದ ಉತ್ಖನನಕ್ಕೂ ಮುಂಚಿನ ಶೋಧವಿದು. ಈ ಪ್ರತಿಮೆಯಿಂದ ಯವನರ ವಸತಿಯನ್ನೂ ಅವರ ದೇವತಾರಾಧನೆಯನ್ನೂ ಊಹಿಸಬಹುದೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಪ್ರತಿಮೆಯು ಗೇಣುದ್ದಕ್ಕೂ ಕಡಿಮೆ. ಗ್ರೀಕರು ಪೊಸೈಡನ್ ಎಂದೂ ರೋಮನರು ನೆಪ್ಚೂನ್ ಎಂದೂ ಕರೆದ ದೇವತೆ ಇದು. ಇದರ ಶೈಲಿಯ ಮೂಲವನ್ನು ಕ್ರಿ.ಪೂ. 4ನೆಯ ಶತಮಾನದ ಶಿಲ್ಪಿ ಲಿಸಿಪಸ್‌ನ ಪರಂಪರೆಯಲ್ಲಿ ಗುರುತಿಸಲಾಗಿದೆ. ಆದರೆ ಪ್ರತಿಮೆಯ ರೂಪಕ್ಕಿಂತ ಅದು ದೊರೆತ ಸನ್ನಿವೇಶವೇ ಮುಖ್ಯವೆಂದು ನಮ್ಮ ಅಭಿಪ್ರಾಯ. ಅದು ದೊರೆತದ್ದು ಗುಡಿಯಲ್ಲಲ್ಲ, ಲೋಹವಸ್ತುಗಳ ಒಂದು ಸಂಚಯದಲ್ಲಿ. ಕನ್ನಡಿ, ಹೂಜಿ, ಗ್ರೀಕ್ ಪುರಾಣದ ಪರ್ಸಿಯಸ್ ಮತ್ತು ಆಂಡ್ರೊಮಿಡಾರ ಚಿತ್ರವುಳ್ಳ ಬಿಲ್ಲೆ ಮೊದಲಾದ ವಿದೇಶೀ ವಸ್ತುಗಳ ಜೊತೆಯಲ್ಲೇ ಸವಾರರನ್ನು ಹೊತ್ತ ಆನೆಯಂತಹ ದೇಶೀಯ ಕೆಲಸಗಾರಿಕೆಯ ವಸ್ತುಗಳೂ ಅಲ್ಲಿದ್ದವು.

ಇನ್ನು ಯವನರ ವಿಚಾರ. ನಾಸಿಕದ 17ನೆಯ ಗುಹೆಯ ಶಾಸನದಲ್ಲಿ ಧಮ್ಮದೇವನ ಮಗ ಇಂದ್ರಾಗ್ನಿದತ್ತನೆಂಬ ಯವನನ ದಾನವು ದಾಖಲಾಗಿದೆ. ಆದರೆ ಅವನು ಉತ್ತರದ ದತ್ತಾಮಿತ್ರಿಯವನು. ಅವನ ಹೆಸರು ಈ ನೆಲದ್ದು, ದಾನ ಬೌದ್ಧಸಂಘಕ್ಕೆ. ಆದ್ದರಿಂದ ಶಾಸನೋಕ್ತ ಯವನರೆಲ್ಲರೂ ರೋಮ್ ಸಾಮ್ರಾಜ್ಯದಿಂದ ಬಂದ ವರ್ತಕರೆಂದು ತಿಳಿಯುವುದು ಸರಿಯಲ್ಲ.

ವಸ್ತುಗಳು ಮನುಷ್ಯರಿಗಿಂತ ದೂರ ಸಂಚರಿಸುತ್ತವೆ ಎಂಬುದಕ್ಕೆ ಸಾತವಾಹನರ ರಾಜಧಾನಿ ಪ್ರತಿಷ್ಠಾನದ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಸುತ್ತಣ ಪ್ರದೇಶವೇ ಸಾಕ್ಷಿ. ಕ್ರಿ.ಶ. 1ನೆಯ ಶತಮಾನದ ಪೆರಿಪ್ಲಸ್ ಗ್ರಂಥವು ಪೈಠಣವನ್ನು ಭರುಕಚ್ಛದಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ಹಾದಿಯೆಂದು ಹೇಳಿ, ಅಲ್ಲಿಂದ ಬಂಡಿಗಳಲ್ಲಿ ಬರುತ್ತಿದ್ದ ಕಲ್ಲುಗಳನ್ನು ಹೆಸರಿಸುತ್ತದೆ. ಹಿಂದೆ ಇದೇ ಜಿಲ್ಲೆಗೆ ಸೇರಿದ್ದು 1981ರಿಂದ ಜಾಲನಾ ಜಿಲ್ಲೆಯಲ್ಲಿರುವ ಭೋಕರದನದ ಉತ್ಖನನದಲ್ಲಿ ದಂತದ ಸ್ತ್ರೀಪ್ರತಿಮೆಯೊಂದು ದೊರೆತಿದೆ. ಇದನ್ನು ಬಹುಮಟ್ಟಿಗೆ ಹೋಲುವ ಪ್ರತಿಮೆ 1938ರಲ್ಲಿ ಇಟಲಿಯ ಪಾಂಪೆಯಲ್ಲಿ ಸಿಕ್ಕಿತು. ಆ ಪಟ್ಟಣ ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿತ್ತು. ಈ ದಂತದ ಸ್ತ್ರೀಯನ್ನು ಕಂಡು ಪಾಂಪೆಯಲ್ಲಿ ದಖ್ಖನ್ನಿನವರ ವಸತಿಯಿತ್ತೆಂದು ಯಾರೂ ವಾದಿಸುವುದಿಲ್ಲ. ಅದೇ ನ್ಯಾಯ ಬ್ರಹ್ಮಪುರಿಯ ದೇವತೆಗೂ ಸಲ್ಲಬೇಕು.

ಹೀಗೆಂದ ಮಾತ್ರಕ್ಕೆ ಪ್ರತಿಮೆಯ ಮಹತ್ತ್ವ ಕುಗ್ಗದು. ಕಡಲಿನಿಂದ ದೂರದ, ಘಟ್ಟದ ಮೇಲಿನ ಒಂದು ಊರಿನವರು ಪರದೇಶದ ಕುಶಲ ಕೆಲಸವನ್ನು ಮೆಚ್ಚಿ, ತಮ್ಮ ಆನೆಯ ಜೊತೆಗೆ ಜೋಪಾನವಾಗಿ ಇರಿಸಿದರೆಂಬುದು ವಸತಿಯ ಊಹೆಗಿಂತ ಗಟ್ಟಿಯಾದ ಸತ್ಯ. ಇಂದು ಕೊಲ್ಲಾಪುರದ ಟೌನ್‌ಹಾಲ್ ವಸ್ತುಸಂಗ್ರಹಾಲಯದಲ್ಲಿ ಈ ಪ್ರತಿಮೆಯನ್ನು ನೋಡುವವರು ಅದನ್ನು ಒಂಟಿಯಾಗಿ ನೋಡದೆ, ಜೊತೆಯ ವಸ್ತುಗಳೊಂದಿಗೆ ಸೇರಿಸಿ ನೋಡಬೇಕು. ಕುಂದಣಗಾರರ ಶೋಧಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೂ ಅದೇ.