ಪೆಡಲ್ ಕೆಳಗಿನ ಗಾಳಿ: ಹಳೇ ಕಾರಿನ ಬ್ರೇಕ್ ಕಥೆ

ಇವತ್ತಿನ ಎಪಿಸೋಡ್ ಹಳೇ ಕಾರಿನ ಬ್ರೇಕ್ ಬಗ್ಗೆ. ಇಯರ್‌ಫೋನ್ ತೆಗೀಬ್ಯಾಡ್ರಿ. ಇದರಾಗ ನಮ್ಮ ಭಾಗದ ಇತಿಹಾಸ ಐತಿ, ಜೀವದ ಪ್ರಶ್ನೆನೂ ಐತಿ.

ಸ್ವಾತಂತ್ರ್ಯಕ್ಕಿಂತ ಮೊದಲಿನ ನಕಾಶೆ ಒಂದ್ಸಲ ಕಣ್ಣ ಮುಂದ ತಂದುಕೊಳ್ರಿ. ಜಮಖಂಡಿ ಪಟವರ್ಧನರ ಸಂಸ್ಥಾನ. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ನೇರವಾಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯೊಳಗ. ಇವತ್ತು ಅರ್ಧ ದಿನದಾಗ ಸುತ್ತಿ ಬರೋ ಊರುಗಳೊಳಗ ನಾಲ್ಕು ಆಡಳಿತ! 1948ರ ಮಾರ್ಚ್ 8ಕ್ಕೆ ಜಮಖಂಡಿ, ಮುಧೋಳ ಎರಡೂ ಮುಂಬೈ ಪ್ರಾಂತ್ಯದೊಳಗ ವಿಲೀನ ಆದವು.

ಆ ಕಾಲಕ್ಕೆ ಕಾರು ಅಂದ್ರೆ ಅರಮನೆ, ದೊಡ್ಡ ಅಧಿಕಾರಿ, ದೊಡ್ಡ ವ್ಯಾಪಾರಿ ಮನೆ ಮಾತು. ಪ್ರಪಂಚದಾಗ ಎಲ್ಲೇ ಆಗ್ಲಿ, 1920ರ ದಶಕದ ಬಹಳಷ್ಟು ಕಾರುಗಳಿಗೆ ಇದ್ದದ್ದು ಸರಳು ಇಲ್ಲಾ ತಂತಿ ಎಳೆಯೋ ಬ್ರೇಕ್. ಬನಹಟ್ಟಿಯ ನೇಕಾರರಿಗೆ ಇದು ಲಗೂನ ತಿಳೀತದ. ಮಗ್ಗದಾಗ ಒಂದು ಎಳೆ ಬಿಗಿ, ಇನ್ನೊಂದು ಸಡಿಲ ಆದ್ರೆ ಬಟ್ಟೆ ಕೆಡ್ತದ. ಹಂಗೇ ಒಂದು ಚಕ್ರದ ತಂತಿ ಬಿಗಿ, ಇನ್ನೊಂದು ಸಡಿಲ ಇದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೀತಿತ್ತು.

ಇದಕ್ಕೆ ಉತ್ತರ ಹುಡುಕಿದವ ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಹೌದು, ವಿಮಾನದ ಲಾಕ್‌ಹೀಡ್ ಅಣ್ಣತಮ್ಮಂದಿರಲ್ಲಿ ಒಬ್ಬ. ಪಾಸ್ಕಲ್ 17ನೇ ಶತಮಾನದಾಗ ಹೇಳಿದ ಮಾತು ಶಾಲೆಯೊಳಗ ಓದಿರ್ತೀರಿ: ಮುಚ್ಚಿದ ಕೊಳವೆಯ ದ್ರವದ ಮೇಲೆ ಒತ್ತಿದ್ರೆ, ಆ ಒತ್ತಡ ಎಲ್ಲಾ ಕಡೆ ಸಮನಾಗಿ ಹೋಗ್ತದ. ಪೆಡಲ್ ತುಳಿದ್ರೆ ನಾಲ್ಕೂ ಚಕ್ರಕ್ಕೆ ಒಂದೇ ಒತ್ತಡ. 1921ರ ಡ್ಯೂಸೆನ್‌ಬರ್ಗ್ ಕಾರಿಗೆ ಇದು ಬಂತು, 1924ರಾಗ ಕ್ರೈಸ್ಲರ್‌ಗೆ. ಫೋರ್ಡ್ ಮಾತ್ರ 1939ರವರೆಗೂ ಹಳೇ ಪದ್ಧತಿನೇ ಹಿಡ್ಕೊಂಡು ಕೂತಿತ್ತು. ನಮ್ಮ ಕಡೆ ಮಂದಿಗೆ ಇಂಥ ಬ್ರೇಕ್ ಮನೆಮಾತು ಮಾಡಿದ್ದು ಜೀಪು, ಫಿಯಟ್ ಮತ್ತು 1957ರಾಗ ಶುರುವಾದ ಅಂಬಾಸಿಡರ್.

ಆದ್ರೆ ಹೊಸ ಪದ್ಧತಿ ಜೊತೆ ಹೊಸ ವೈರಿನೂ ಬಂತು. ತಂತಿ ಹರಿದ್ರೆ ಕಣ್ಣಿಗೆ ಕಾಣ್ತದ. ಗಾಳಿ ಕಾಣಂಗಿಲ್ಲ. ಬ್ರೇಕ್ ಆಯಿಲ್ ಒತ್ತಿದ್ರೆ ಕುಗ್ಗೋದಿಲ್ಲ, ಗಾಳಿ ಕುಗ್ತದ. ಪೈಪಿನಾಗ ಗುಳ್ಳೆ ಸೇರಿದ್ರೆ ನಿಮ್ಮ ಕಾಲಿನ ಬಲ ಎಲ್ಲಾ ಆ ಗುಳ್ಳೆ ಅಮುಕೋದ್ರಾಗೇ ಖರ್ಚು. ಪೆಡಲ್ ಸ್ಪಂಜಿನಂಗ ಮೆತ್ತಗ ಹೋಗ್ತದ, ಗಾಡಿ ನಿಲ್ಲಂಗಿಲ್ಲ. ಹಳೇ ಅಂಬಾಸಿಡರ್‌ನಾಗ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಒಂದು ಕಡೆ ಸೋರಿದ್ರೆ ನಾಲ್ಕೂ ಹೋದಂಗ.

ಅದಕ್ಕೇ ಬ್ಲೀಡಿಂಗ್, ಅಂದ್ರೆ ಗಾಳಿ ತೆಗೆಯೋದು. ಇದು ಇಬ್ಬರ ಕೆಲಸ. ಒಬ್ಬ ಪೆಡಲ್ ಮೇಲೆ, ಇನ್ನೊಬ್ಬ ಪಾನಾ ಹಿಡಿದು ಚಕ್ರದ ಹತ್ರ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರೋದ್ರಿಂದ ಬಹಳ ಸಲ ಅದು ಹಿಂದಿನ ಎಡ ಚಕ್ರ. ನಿಪ್ಪಲ್‌ಗೆ ಸಣ್ಣ ಪೈಪ್ ಹಾಕಿ, ಅದರ ತುದಿ ಬಾಟಲಿಯೊಳಗಿನ ಆಯಿಲ್‌ನಾಗ ಮುಳುಗಿರಬೇಕು.

"ತುಳಿ ತಮ್ಮಾ, ತುಳಿ... ಹಿಡಿ!" ಆಗ ನಿಪ್ಪಲ್ ಸಡಿಲ. ಗುಳ್ಳೆ ಸಮೇತ ಆಯಿಲ್ ಹೊರಗ. ನಿಪ್ಪಲ್ ಬಿಗಿ ಮಾಡಿದ ಮೇಲೇ "ಬಿಡು!" ಮೊದಲೇ ಕಾಲು ಎತ್ತಿದ್ರೆ ಹೋದ ಗಾಳಿ ತಿರುಗಿ ಒಳಗ ಬರ್ತದ. ಗುಳ್ಳೆ ನಿಲ್ಲೋವರೆಗೂ ಇದೇ ಕೆಲಸ. ನಡುವೆ ಮೇಲಿನ ಡಬ್ಬಿ ಖಾಲಿ ಆಗಬಾರದು, ಆದ್ರೆ ಮೊದಲಿಂದ ಶುರು.

ಇನ್ನೊಂದು ಮಾತು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯೊಳಗಿನ ತೇವ ಹೀರ್ತದ. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತಡೀತದ, ನೀರು ಸೇರಿದ ಮೇಲೆ ಆ ಮಟ್ಟ 140ಕ್ಕೆ ಇಳೀತದ. ಬಿಸಿಗೆ ಕುದ್ದು ಆವಿ ಆದ್ರೆ ಮತ್ತ ಅದೇ ಗುಳ್ಳೆ. ಹಂಗಾಗಿ ಬಾಟಲಿಗೆ ಇಳಿದ ಆಯಿಲ್ ತಿರುಗಿ ಹಾಕಬ್ಯಾಡ್ರಿ. ಎಂಜಿನ್ ಆಯಿಲ್ ಅಂತೂ ಹತ್ರನೂ ತರಬ್ಯಾಡ್ರಿ, ಒಳಗಿನ ರಬ್ಬರ್ ಉಬ್ಬಿ ಹಾಳಾಗ್ತದ.

ಇದೆಲ್ಲಾ ಈಗ ಯಾಕ? 2021ರ ಜುಲೈನಾಗ ಕೇಂದ್ರ ಸರ್ಕಾರ ನಿಯಮ ತಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ. ದಿನದ ಓಡಾಟಕ್ಕೆ ಬಳಸೋ ಹಂಗಿಲ್ಲ. ಅಂದ್ರೆ ಅರಮನೆ ಕಾರು ಅಷ್ಟೇ ಅಲ್ಲ, ನಿಮ್ಮ ಅಜ್ಜ 1970ರ ಸುಮಾರಿಗೆ ಕೊಂಡ ಅಂಬಾಸಿಡರ್ರೂ ಈಗ ಆ ಸಾಲಿನಾಗ. ಹುಡುಗರು ಶೆಡ್ಡಿನಿಂದ ಎಳೆದು ತಂದು, ಪಾಲಿಶ್ ಮಾಡಿ, ಸ್ಟಾರ್ಟ್ ಆದ ಕೂಡಲೇ ರೀಲ್ ಹಾಕ್ತಾರ. ನಾ ಕಾಮರ್ಸ್ ಓದಿದವ, ಲೆಕ್ಕ ಹಿಂಗ ಹಾಕ್ತೀನಿ: ಪೇಂಟಿಗೆ ಸಾವಿರಗಟ್ಟಲೆ, ಬ್ರೇಕಿಗೆ ಸೊನ್ನೆ. ಕಬ್ಬಿನ ಸೀಸನ್‌ನಾಗ ಮುಧೋಳ–ಜಮಖಂಡಿ ರಸ್ತೆ ಮ್ಯಾಲೆ ಎರಡು ಟ್ರೈಲರ್ ಎಳೆಯೋ ಟ್ರ್ಯಾಕ್ಟರ್ ಮುಂದ ದಿಢೀರ್ ನಿಂತ್ರೆ, ಆ ಲೆಕ್ಕ ತಪ್ಪಿದ್ದು ಗೊತ್ತಾಗೋದ್ರಾಗ ತಡ ಆಗಿರ್ತದ.

ನಿಮ್ಮೂರಾಗ ಹಳೇ ಅಂಬಾಸಿಡರ್, ಜೀಪಿನ ಕೆಲಸ ಮಾಡಿದ ಹಿರಿಯ ಮಿಸ್ತ್ರಿ ಯಾರಾದ್ರೂ ಇದ್ರೆ ಈ ವಾರ ಹೋಗಿ ಭೇಟಿ ಆಗ್ರಿ. ಅವರು ಗಾಳಿ ತೆಗೆಯೋದನ್ನ ಕೇಳಿ, ಫೋನಿನಾಗ ರೆಕಾರ್ಡ್ ಮಾಡ್ಕೊಳ್ರಿ. ಆಮೇಲೆ ಪೆಡಲ್ ಮ್ಯಾಲೆ ನೀವು ಕೂಡ್ರಿ, "ಬಿಡು" ಅನ್ನೋವರೆಗೂ ಕಾಲು ಎತ್ತಬ್ಯಾಡ್ರಿ. ಮುಂದಿನ ಎಪಿಸೋಡ್‌ನಾಗ ಸಿಗೋಣ.