ಕೆನ್ನಿ ವಾಷಿಂಗ್ಟನ್

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವು ನಮಗೆ ಪರಿಚಿತವಾದ ಕಾಲ್ಚೆಂಡಾಟಕ್ಕಿಂತ ಬೇರೆಯಾದುದು. ಮೊಟ್ಟೆಯಾಕಾರದ ಚೆಂಡನ್ನು ಅವುಚಿಕೊಂಡು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವುದು ಅದರ ಮುಖ್ಯ ಅಂಗ. ಎಷ್ಟು ಗಜ ಮುಂದುವರಿದನೆಂಬುದರಿಂದ ಆಟಗಾರನ ಸಾಮರ್ಥ್ಯವನ್ನು ಅಳೆಯುತ್ತಾರೆ. ಈ ಆಟದ ವೃತ್ತಿಸಂಘವಾದ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 1934 ರಿಂದ 1945 ರ ವರೆಗೆ ಕಪ್ಪು ಜನಾಂಗದ ಒಬ್ಬ ಆಟಗಾರನೂ ಇರಲಿಲ್ಲ. ಹಾಗೆಂದು ಯಾವ ನಿಯಮವನ್ನೂ ಬರೆದಿಟ್ಟಿರಲಿಲ್ಲ. ತಂಡಗಳ ಒಡೆಯರಲ್ಲಿ ನಡೆದುಬಂದ ಕಟ್ಟಳೆಯೇ ಸಾಕಾಗಿತ್ತು.

ಆ ಕಟ್ಟಳೆಯು ಮುರಿದುದು ಕೆನ್ನಿ ವಾಷಿಂಗ್ಟನ್ನನಿಂದ. ಈತನು 1918 ನೆಯ ಇಸವಿ ಆಗಸ್ಟ್ 31 ರಂದು ಲಾಸ್ ಏಂಜಲೀಸ್ ನಗರದಲ್ಲಿ ಜನಿಸಿದನು. ಆ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪರವಾಗಿ 1937 ರಿಂದ 1939 ರ ವರೆಗೆ ಆಡಿದನು. ಮುಂದೆ ಬೇಸ್‌ಬಾಲ್ ಆಟದಲ್ಲಿ ಲೋಕಪ್ರಸಿದ್ಧನಾದ ಜಾಕಿ ರಾಬಿನ್‌ಸನ್ನನು 1939 ರಲ್ಲಿ ಈತನ ಜೊತೆಯ ಆಟಗಾರನಾಗಿದ್ದನು. ಆ ವರ್ಷ ಓಡಿಯೂ ಎಸೆದೂ ಗಳಿಸಿದ ಒಟ್ಟು ಗಜಗಳಲ್ಲಿ ದೇಶದ ಕಾಲೇಜುಗಳಿಗೆಲ್ಲ ವಾಷಿಂಗ್ಟನ್ನನೇ ಮೊದಲಿಗನಾದನು. ಆದರೂ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಈತನ ಹೆಸರನ್ನು ಒಂದು ತಂಡವಾದರೂ ಕೂಗಲಿಲ್ಲ.

ಅನಂತರ ಈತನು ಹಾಲಿವುಡ್ ಬೇರ್ಸ್ ಮೊದಲಾದ ಪಶ್ಚಿಮ ತೀರದ ಚಿಕ್ಕ ತಂಡಗಳಲ್ಲಿ ಆಡಿದನು. ಯೌವನದ ಬಲವು ಅಲ್ಲಿಯೇ ವೆಚ್ಚವಾಯಿತು. ಮೊಣಕಾಲುಗಳು ಪೆಟ್ಟು ತಿಂದು ಶಸ್ತ್ರಚಿಕಿತ್ಸೆಗೆ ಒಳಗಾದವು.

1946 ರಲ್ಲಿ ರ್‍ಯಾಮ್ಸ್ ತಂಡವು ಕ್ಲೀವ್‌ಲೆಂಡಿನಿಂದ ಲಾಸ್ ಏಂಜಲೀಸಿಗೆ ಬಂದಿತು. ಅದಕ್ಕೆ ಬೇಕಾಗಿದ್ದ ಕೊಲಿಸಿಯಂ ಕ್ರೀಡಾಂಗಣವು ಸಾರ್ವಜನಿಕರ ಸೊತ್ತು. ಎಲ್ಲ ಜನರ ತೆರಿಗೆಯಿಂದ ನಡೆಯುವ ಅಂಗಣದಲ್ಲಿ ಒಂದು ಜನಾಂಗವನ್ನು ಹೊರಗಿಟ್ಟು ಆಡುವುದು ಹೇಗೆ ಸಲ್ಲುವುದೆಂದು ಹ್ಯಾಲಿ ಹಾರ್ಡಿಂಗ್ ಮುಂತಾದ ಕಪ್ಪು ಜನಾಂಗದ ಪತ್ರಕರ್ತರು ಅದರ ಆಡಳಿತ ಮಂಡಲಿಯನ್ನು ಪ್ರಶ್ನಿಸಿದರು. ಉತ್ತರ ಹೇಳುವುದು ಕಷ್ಟವಾಯಿತು. ಮಾರ್ಚ್ 21 ರಂದು ರ್‍ಯಾಮ್ಸ್ ತಂಡವು ವಾಷಿಂಗ್ಟನ್ನನೊಡನೆ ಕರಾರು ಮಾಡಿಕೊಂಡಿತು. ಕೆಲವೇ ವಾರಗಳಲ್ಲಿ ಈತನ ಗೆಳೆಯ ವುಡಿ ಸ್ಟ್ರೋಡನೂ ಸೇರಿದನು. ರಾಬಿನ್‌ಸನ್ನನು ಬ್ರೂಕ್ಲಿನ್ ಡಾಜರ್ಸ್ ತಂಡದಲ್ಲಿ ಆಡತೊಡಗಿದುದು ಇದರ ಮರುವರ್ಷ, 1947 ರಲ್ಲಿ.

ನೊಂದ ಕಾಲುಗಳಿಂದಲೇ ವಾಷಿಂಗ್ಟನ್ನನು ಮೂರು ಋತುಗಳ ಕಾಲ ಆಡಿದನು. ಒಟ್ಟು 140 ಓಟಗಳಲ್ಲಿ 859 ಗಜಗಳನ್ನು ಗಳಿಸಿದನು. 1947 ರಲ್ಲಿ ಷಿಕಾಗೋ ಕಾರ್ಡಿನಲ್ಸ್ ತಂಡದೆದುರು ಒಂದೇ ಓಟದಲ್ಲಿ 92 ಗಜ ಸಾಗಿದನು. 1948 ರಲ್ಲಿ ನಿವೃತ್ತನಾಗಿ, 1971 ನೆಯ ಜೂನ್ 24 ರಂದು ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡನು.

ಇಷ್ಟನ್ನು ಸಾಧಿಸಿದ ಕಾಲುಗಳು ಇಪ್ಪತ್ತೊಂದರ ಹರೆಯದಲ್ಲಿ ಏನನ್ನು ಸಾಧಿಸುತ್ತಿದ್ದುವೆಂಬುದನ್ನು ಯಾವ ದಾಖಲೆಯೂ ಹೇಳಲಾರದು. ಒಬ್ಬನಿಗೆ ನ್ಯಾಯ ದೊರೆಯಿತೆಂದು ಬರೆಯುವ ಚರಿತ್ರಕಾರನು, ಅದು ಅವನ ಎಷ್ಟನೆಯ ವಯಸ್ಸಿನಲ್ಲಿ ದೊರೆಯಿತೆಂಬುದನ್ನೂ ಬರೆಯಬೇಕು. ವಾಷಿಂಗ್ಟನ್ನನಿಗೆ ಆಗ ಇಪ್ಪತ್ತೇಳು ತುಂಬಿತ್ತು.